ಮನೆಯಿಂದ ಲ್ಯಾಬ್ ಮೆಷಿನ್‌ಗೆ ಕನೆಕ್ಟ್ ಆಗುತ್ತಿಲ್ಲವೇ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

“ಸರ್, ಲ್ಯಾಬ್ ಮೆಷಿನ್ ಕನೆಕ್ಟ್ ಆಗ್ತಿಲ್ಲ.” ಪ್ರಾಜೆಕ್ಟ್ ಸಬ್‌ಮಿಶನ್ ಹತ್ತಿರ ಬಂತೆಂದರೆ ಲ್ಯಾಬ್ ನೋಡಿಕೊಳ್ಳುವವರ ವಾಟ್ಸ್‌ಆ್ಯಪ್ ತುಂಬ ಇದೇ ಮೆಸೇಜ್. ಕಳಿಸಿದವರು ಅಷ್ಟರಲ್ಲಿ ಪಾಸ್‌ವರ್ಡ್ ಬದಲಿಸಿ, ಪುಟ್ಟಿ (ದೂರದ ಮೆಷಿನ್‌ಗೆ ಲಾಗಿನ್ ಆಗಲು ವಿಂಡೋಸ್‌ನಲ್ಲಿ ಬಳಸುವ ಪ್ರೋಗ್ರಾಂ) ತೆಗೆದು ಮತ್ತೆ ಹಾಕಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ಸುಸ್ತಾಗಿರುತ್ತಾರೆ. ಎರರ್ ಏನು ಬಂತು ಅಂತ ಕೇಳಿದರೆ “ಏನೋ ಬಂತು ಸರ್, ಕ್ಲೋಸ್ ಮಾಡಿಬಿಟ್ಟೆ” ಅನ್ನುತ್ತಾರೆ. ಹುಡುಕುವುದನ್ನು ಶುರು ಮಾಡಬೇಕಾದದ್ದೇ ಆ ಒಂದು ಸಾಲಿನಿಂದ. ಅದನ್ನು ಓದಲು ಕಲಿತರೆ ಮುಕ್ಕಾಲು ಪಾಲು ತೊಂದರೆಯನ್ನು ನೀವೇ ಬಿಡಿಸಿಕೊಳ್ಳಬಹುದು.

ಇಲ್ಲಿ ಹೇಳುತ್ತಿರುವುದು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ ಏರ್ಪಾಡಿನ ಬಗ್ಗೆ. ಲ್ಯಾಬ್‌ನಲ್ಲಿ ಉಬುಂಟು ಹಾಕಿದ ಮೆಷಿನ್‌ಗಳ ಸಾಲು. ವಿದ್ಯಾರ್ಥಿಯ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ) ಮೇಲೆ ಒಂದು ಅಕೌಂಟ್. ಫೈಲ್‌ಗಳೆಲ್ಲ ಒಂದು ಸರ್ವರ್‌ನಲ್ಲಿ ಇರುವುದರಿಂದ ಯಾವ ಮೆಷಿನ್‌ಗೆ ಲಾಗಿನ್ ಆದರೂ ನಿಮ್ಮ ಹೋಮ್ ಫೋಲ್ಡರ್ ಒಂದೇ. ಹೊರಗಿನಿಂದ ಬರುವವರು ಮೊದಲು ಕಾಲೇಜಿನ ವಿಪಿಎನ್‌ಗೆ (ಹೊರಗಿನಿಂದ ಕಾಲೇಜಿನ ನೆಟ್‌ವರ್ಕ್ ಒಳಗೆ ಕರೆದೊಯ್ಯುವ ಸುರಕ್ಷಿತ ದಾರಿ) ಸೇರಬೇಕು, ಇಲ್ಲವೇ ಗೇಟ್‌ವೇ ಮೆಷಿನ್ ಮೂಲಕ ಹೋಗಬೇಕು. ಆಮೇಲೆ ಎಸ್‌ಎಸ್‌ಎಚ್, ಅಂದರೆ ದೂರದ ಮೆಷಿನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಪ್ರೋಗ್ರಾಂ. ವಿಂಡೋಸ್ ಲ್ಯಾಬ್ ಆದರೆ ರಿಮೋಟ್ ಡೆಸ್ಕ್‌ಟಾಪ್. ಅದರ ಮಾತು ಕೊನೆಯ ಹತ್ತಿರ ಇದೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಚಿಕ್ಕಕ್ಷರದಲ್ಲೇ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹಾಗಂತ ಹೇಳಿದ್ದೇನೆ.

ನೀವು ಎಂಟರ್ ಒತ್ತಿದ ಮೇಲೆ ಐದು ಕೆಲಸ ಒಂದರ ಹಿಂದೆ ಒಂದು ನಡೆಯುತ್ತವೆ. ಮೆಷಿನ್ ಹೆಸರಿನಿಂದ ಅದರ ಐಪಿ ವಿಳಾಸ ಸಿಗಬೇಕು. ಆ ವಿಳಾಸದವರೆಗೆ ನೆಟ್‌ವರ್ಕ್‌ನಲ್ಲಿ ದಾರಿ ಇರಬೇಕು. ಅಲ್ಲಿ ಎಸ್‌ಎಸ್‌ಎಚ್‌ನ ಬಾಗಿಲಾದ 22ನೇ ಪೋರ್ಟ್ ತೆರೆದಿರಬೇಕು. ನೀವು ಯಾರು ಅನ್ನುವುದನ್ನು ಸರ್ವರ್ ಒಪ್ಪಬೇಕು. ಕೊನೆಗೆ ನಿಮ್ಮ ಹೆಸರಿನಲ್ಲಿ ಒಂದು ಸೆಷನ್ ಶುರುವಾಗಬೇಕು. ದಾರಿಯೇ ಇಲ್ಲದಾಗ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಪಾಸ್‌ವರ್ಡ್ ಕೇಳಿತು ಅಂದಮೇಲೆ ವಿಪಿಎನ್ ಅನ್ನು ಅನುಮಾನಿಸಬೇಕಿಲ್ಲ.

ಮೊದಲು -ವಿ ಹಾಕಿ ನೋಡಿ

ಯಾವ ಎರರ್ ಬಂದರೂ ಮಾಡಬೇಕಾದ ಮೊದಲ ಕೆಲಸ ಇದು. ಎಸ್‌ಎಸ್‌ಎಚ್ ಅಂತ ಬರೆದು, ಜಾಗ ಬಿಟ್ಟು -ವಿ ಸೇರಿಸಿ, ಆಮೇಲೆ ಎಂದಿನಂತೆ ಯೂಸರ್‌ನೇಮ್, ಆ್ಯಟ್ ಚಿಹ್ನೆ, ಮೆಷಿನ್ ಹೆಸರು. ವಿಂಡೋಸ್ 10ರಲ್ಲಿ 2018ರಿಂದ ಓಪನ್‌ಎಸ್‌ಎಸ್‌ಎಚ್ ಜೊತೆಯಲ್ಲೇ ಬರುತ್ತದೆ. ಹಾಗಾಗಿ ಪವರ್‌ಶೆಲ್‌ನಲ್ಲೂ ಇದೇ ಕಮಾಂಡ್ ನಡೆಯುತ್ತದೆ. ಪುಟ್ಟಿಯನ್ನೇ ಬಳಸುವವರೂ ದೋಷ ಹುಡುಕುವಾಗ ಮಾತ್ರ ಇದನ್ನು ಬಳಸಿ. ಪುಟ್ಟಿ ಒಂದು ಚಿಕ್ಕ ಬಾಕ್ಸ್ ತೋರಿಸಿ ಸುಮ್ಮನಾಗುತ್ತದೆ. ಇದು ನಡೆದದ್ದನ್ನೆಲ್ಲ ಹೇಳುತ್ತದೆ.

ಪರದೆ ತುಂಬ ಸಾಲುಗಳು ಬರುತ್ತವೆ. ಎಲ್ಲವನ್ನೂ ಓದಬೇಕಿಲ್ಲ. “ಕನೆಕ್ಟಿಂಗ್ ಟು” ಅಂತ ಶುರುವಾಗುವ ಸಾಲಿನಲ್ಲಿ ಐಪಿ ವಿಳಾಸ ಕಂಡರೆ ಹೆಸರಿನ ಕೆಲಸ ಮುಗಿದಿದೆ. “ಕನೆಕ್ಷನ್ ಎಸ್ಟಾಬ್ಲಿಷ್ಡ್” ಬಂದರೆ ದಾರಿಯೂ ಪೋರ್ಟೂ ಸರಿ ಇವೆ. “ಸರ್ವರ್ ಹೋಸ್ಟ್ ಕೀ” ಅಂತ ಬಂದರೆ ಎರಡೂ ಕಡೆ ಮಾತುಕತೆ ಶುರುವಾಗಿದೆ. “ಅಥೆಂಟಿಕೇಷನ್ಸ್ ದಟ್ ಕ್ಯಾನ್ ಕಂಟಿನ್ಯೂ” ಅನ್ನುವ ಸಾಲು ಬಂತೆಂದರೆ ಈಗ ನಿಮ್ಮ ಗುರುತಿನ ಸರದಿ. “ಅಥೆಂಟಿಕೇಟೆಡ್ ಟು” ಬಂದಮೇಲೂ ಕೆಲಸ ಕೆಟ್ಟರೆ ತೊಂದರೆ ನಿಮ್ಮ ಅಕೌಂಟಿನ ಒಳಗಿದೆ. ಇವುಗಳಲ್ಲಿ ಯಾವ ಸಾಲಿನವರೆಗೆ ಬಂದು ನಿಂತಿತು ಅಂತ ಗುರುತು ಮಾಡಿಕೊಳ್ಳಿ. ಮುಂದಿನದೆಲ್ಲ ಆ ಜಾಗದ ಮೇಲೆ ನಿಂತಿದೆ.

“ಕುಡ್ ನಾಟ್ ರಿಸಾಲ್ವ್ ಹೋಸ್ಟ್‌ನೇಮ್”

ಹೆಸರು ಸಿಗಲಿಲ್ಲ. ಮೊದಲು ಸ್ಪೆಲಿಂಗ್ ನೋಡಿ. ಅದು ಸರಿ ಇದ್ದರೆ ವಿಪಿಎನ್ ಆನ್ ಆಗಿದೆಯಾ ನೋಡಿ. ಲ್ಯಾಬ್ ಮೆಷಿನ್‌ಗಳ ಹೆಸರು ಹೆಚ್ಚಿನ ಕಡೆ ಕಾಲೇಜಿನ ಒಳಗಿನ ಡಿಎನ್‌ಎಸ್‌ಗೆ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಮಾತ್ರ ಗೊತ್ತಿರುತ್ತದೆ. ಲ್ಯಾಬ್‌ನಲ್ಲಿ ಕೂತಾಗ ಬರೀ ಚಿಕ್ಕ ಹೆಸರು ಕೊಟ್ಟರೂ ನಡೆಯುತ್ತಿತ್ತು, ಮನೆಯಿಂದ ಡೊಮೈನ್ ಸಮೇತ ಪೂರ್ತಿ ಹೆಸರು ಬೇಕಾಗಬಹುದು. ವಿಪಿಎನ್ ಆನ್ ಇದ್ದೂ ಹಳೆಯ ಉತ್ತರವೇ ಅಂಟಿಕೊಂಡಿದ್ದರೆ ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಫ್ಲಶ್‌ಡಿಎನ್‌ಎಸ್ ಕೊಡಿ. ಮೆಷಿನ್‌ನ ಐಪಿ ಗೊತ್ತಿದ್ದರೆ ಅದನ್ನೇ ಹಾಕಿ ನೋಡಿ. ಐಪಿಯಿಂದ ಹೋಗಿ ಹೆಸರಿನಿಂದ ಹೋಗದಿದ್ದರೆ ತೊಂದರೆ ಡಿಎನ್‌ಎಸ್‌ನದು, ಬೇರೆ ಯಾವುದರದ್ದೂ ಅಲ್ಲ.

“ಕನೆಕ್ಷನ್ ಟೈಮ್ಡ್ ಔಟ್”

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಮೊದಲು ಇದಕ್ಕೂ “ಕನೆಕ್ಷನ್ ರೆಫ್ಯೂಸ್ಡ್” ಅನ್ನುವುದಕ್ಕೂ ಇರುವ ವ್ಯತ್ಯಾಸ ತಿಳಿದುಕೊಳ್ಳಿ. ಟೈಮ್ ಔಟ್ ಅಂದರೆ ಯಾರದೋ ಮನೆಯ ಬಾಗಿಲು ಎಷ್ಟು ತಟ್ಟಿದರೂ ಒಳಗಿಂದ ಸದ್ದೇ ಇಲ್ಲ. ರೆಫ್ಯೂಸ್ಡ್ ಅಂದರೆ ಒಳಗಿಂದ “ಇಲ್ಲಿ ಬರಬೇಡಿ” ಅಂತ ಯಾರೋ ಕೂಗಿ ಹೇಳಿದ್ದಾರೆ. ಟೈಮ್ ಔಟ್ ನಿಧಾನವಾಗಿ ಬರುತ್ತದೆ, ಅರ್ಧ ನಿಮಿಷವೋ ಎರಡು ನಿಮಿಷವೋ ಕರ್ಸರ್ ಮಿನುಗುತ್ತಿರುತ್ತದೆ. ರೆಫ್ಯೂಸ್ಡ್ ಸಾಮಾನ್ಯವಾಗಿ ಒತ್ತಿದ ತಕ್ಷಣ ಬರುತ್ತದೆ. ಎರಡಕ್ಕೂ ಮದ್ದು ಬೇರೆ.

ಟೈಮ್ ಔಟ್ ಆದಾಗ ಲ್ಯಾಬ್ ಮೆಷಿನ್‌ನ ಐಪಿ ವಿಳಾಸದ ಶುರುವಿನ ಅಂಕೆಗಳನ್ನು ನೋಡಿ. 10 ಅಂತ ಶುರುವಾದರೆ, 192.168 ಅಂತ ಶುರುವಾದರೆ, ಅಥವಾ 172.16ರಿಂದ 172.31ರ ಒಳಗೆ ಇದ್ದರೆ ಅದು ಖಾಸಗಿ ವಿಳಾಸ. ಇಂಟರ್ನೆಟ್‌ನಲ್ಲಿ ಆ ವಿಳಾಸಕ್ಕೆ ದಾರಿಯೇ ಇಲ್ಲ. ವಿಪಿಎನ್ ಇಲ್ಲದೆ ಮನೆಯಿಂದ ಎಷ್ಟು ಸಲ ಪ್ರಯತ್ನಿಸಿದರೂ ಅಷ್ಟೇ.

ವಿಪಿಎನ್ ಐಕಾನ್ ಹಸಿರಾಗಿದೆ ಅನ್ನುವುದು ಸಾಕ್ಷಿ ಅಲ್ಲ. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಕೊಡಿ, ಲಿನಕ್ಸ್‌ನಲ್ಲಿ ಐಪಿ ಆ್ಯಡ್ರ್. ಮನೆಯ ವೈಫೈ ವಿಳಾಸದ ಜೊತೆಗೆ ವಿಪಿಎನ್‌ನದೂ ಒಂದು ವಿಳಾಸ ಕಾಣಬೇಕು. ಕಾಣದಿದ್ದರೆ ವಿಪಿಎನ್ ನಿಜವಾಗಿ ಸೇರಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ, ವೈಫೈನಿಂದ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾದ ಮೇಲೆ ಹೀಗಾಗುವುದು ಮಾಮೂಲು. ಪೂರ್ತಿ ಡಿಸ್‌ಕನೆಕ್ಟ್ ಮಾಡಿ ಮತ್ತೆ ಸೇರಿ. ವಿಪಿಎನ್ ಓಟಿಪಿ ಕೇಳುವಂಥದ್ದಾಗಿದ್ದು, ಆ್ಯಪ್‌ನಲ್ಲಿ ಬರುವ ಆರಂಕಿಯನ್ನು ಅದು ಒಪ್ಪದೇ ಇದ್ದರೆ ಫೋನಿನ ಗಡಿಯಾರ ನೋಡಿ. ಆ ಅಂಕಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸಮಯದ ಲೆಕ್ಕದಲ್ಲೇ ಹುಟ್ಟುತ್ತದೆ. ಫೋನ್ ಒಂದೆರಡು ನಿಮಿಷ ಹಿಂದೆ ಮುಂದೆ ಇದ್ದರೂ ಸಾಕು, ಅಂಕಿ ತಪ್ಪಾಗುತ್ತದೆ. ಟೈಮ್ ಸೆಟ್ಟಿಂಗ್ ಅನ್ನು ಆಟೋಮ್ಯಾಟಿಕ್‌ಗೆ ಹಾಕಿದರೆ ಸರಿಹೋಗುತ್ತದೆ.

ಇನ್ನೊಂದು ಕಾರಣ ಇದೆ. ಇದನ್ನು ಹುಡುಕುವುದು ಕಷ್ಟ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಮನೆಯ ರೂಟರ್ ಲ್ಯಾಪ್‌ಟಾಪ್‌ಗೆ 192.168.1.7 ಅಂತ ವಿಳಾಸ ಕೊಟ್ಟಿದೆ ಅಂದುಕೊಳ್ಳಿ. ಲ್ಯಾಬ್ ಮೆಷಿನ್ 192.168.1.40. ವಿಪಿಎನ್ ಸರಿಯಾಗೇ ಸೇರಿದೆ. ಆದರೂ ಲ್ಯಾಪ್‌ಟಾಪ್ 192.168.1.40 ಅನ್ನುವುದು ಮನೆಯೊಳಗಿನ ಇನ್ನೊಂದು ಸಾಧನ ಅಂದುಕೊಂಡು ಮನೆಯಲ್ಲೇ ಹುಡುಕುತ್ತದೆ. ವಿಪಿಎನ್ ಕಡೆ ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ. ಗೆಳೆಯನಿಗೆ ಆಗುತ್ತದೆ, ನಿಮಗೆ ಆಗುವುದಿಲ್ಲ. ಹಾಸ್ಟೆಲ್‌ನಲ್ಲಿ ಆಗುತ್ತದೆ, ಊರಿನ ಮನೆಯಲ್ಲಿ ಆಗುವುದಿಲ್ಲ. ಹೀಗಿದ್ದರೆ ಇದನ್ನೇ ಅನುಮಾನಿಸಿ. ಪರೀಕ್ಷೆ ಸುಲಭ: ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಿಂದ ವಿಪಿಎನ್ ಹಾಕಿ ನೋಡಿ. ಆಗ ಹೋದರೆ ಮನೆಯ ರೂಟರ್ ಸೆಟ್ಟಿಂಗ್‌ನಲ್ಲಿ ಒಳಗಿನ ವಿಳಾಸವನ್ನು 192.168.77.1ರಂತೆ ಬೇರೆ ಮಾಡಿಬಿಡಿ. ಮತ್ತೆ ಈ ತೊಂದರೆ ಬರುವುದಿಲ್ಲ.

ದಾರಿ ಸರಿ ಇದ್ದೂ ಮೆಷಿನ್ನೇ ಆಫ್ ಆಗಿರಬಹುದು. ಸಂಜೆ ಲ್ಯಾಬ್ ಬಾಗಿಲು ಹಾಕುವಾಗ ಅಟೆಂಡರ್ ಮೇನ್ ಸ್ವಿಚ್ ಆಫ್ ಮಾಡಿ ಹೋಗುವುದು ಎಷ್ಟೋ ಕಡೆ ರೂಢಿ. ಅದು ಅವರ ತಪ್ಪಲ್ಲ, ಹಾಗೆ ಮಾಡಿ ಅಂತಲೇ ಅವರಿಗೆ ಹೇಳಿರುತ್ತಾರೆ. ಕರೆಂಟ್ ಹೋಗಿ ಯುಪಿಎಸ್ ಖಾಲಿಯಾದ ಮೇಲೆ ಕೆಲವು ಮೆಷಿನ್ ತಾವಾಗಿ ಏಳುವುದಿಲ್ಲ. ಗೇಟ್‌ವೇವರೆಗೆ ಹೋಗಿ, ಅಲ್ಲಿಂದ ಲ್ಯಾಬ್ ಮೆಷಿನ್‌ಗೆ ಹೋಗುವಾಗ “ನೋ ರೂಟ್ ಟು ಹೋಸ್ಟ್” ಬಂದರೆ ಹೆಚ್ಚಿನ ಸಲ ಇದೇ ಕಾರಣ. ಪಕ್ಕದ ನಂಬರಿನ ಮೆಷಿನ್ ಪ್ರಯತ್ನಿಸಿ. ಹೋಮ್ ಫೋಲ್ಡರ್ ಸರ್ವರ್‌ನಲ್ಲಿ ಇರುವುದರಿಂದ ನಿಮ್ಮ ಫೈಲ್‌ಗಳು ಅಲ್ಲೂ ಸಿಗುತ್ತವೆ.

ವಿಂಡೋಸ್, ಉಬುಂಟು ಎರಡನ್ನೂ ಹಾಕಿರುವ ಲ್ಯಾಬ್‌ಗಳಲ್ಲಿ ಇನ್ನೊಂದು ಸಂಗತಿ. ಮಧ್ಯಾಹ್ನದ ಬ್ಯಾಚ್‌ನವರು ವಿಂಡೋಸ್‌ನಲ್ಲಿ ಕೆಲಸ ಮಾಡಿ ಹಾಗೇ ಬಿಟ್ಟು ಹೋಗಿದ್ದರೆ ಮೆಷಿನ್ ಆನ್ ಇದ್ದರೂ ಎಸ್‌ಎಸ್‌ಎಚ್ ಇರುವುದಿಲ್ಲ. ವಿಂಡೋಸ್ ಫೈರ್‌ವಾಲ್ ಉತ್ತರವನ್ನೂ ಕೊಡುವುದಿಲ್ಲ, ಸುಮ್ನೆ ಟೈಮ್ ಔಟ್ ಆಗುತ್ತದೆ. ಇದನ್ನು ದೂರದಿಂದ ಸರಿ ಮಾಡಲು ಆಗದು. ಬೇರೆ ಮೆಷಿನ್ ಹಿಡಿಯಿರಿ.

ಪಿಂಗ್ ಬಗ್ಗೆ ಒಂದು ಮಾತು. ಪಿಂಗ್‌ಗೆ ಉತ್ತರ ಬರಲಿಲ್ಲ ಅಂತ ಮೆಷಿನ್ ಸತ್ತಿದೆ ಅಂದುಕೊಳ್ಳಬೇಡಿ. ಎಷ್ಟೋ ಕಾಲೇಜುಗಳು ಪಿಂಗ್ ತಡೆದಿರುತ್ತವೆ. 22ನೇ ಪೋರ್ಟನ್ನೇ ನೇರವಾಗಿ ಕೇಳುವುದು ಒಳ್ಳೆಯದು. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ಮೆಷಿನ್ ಹೆಸರು, -ಪೋರ್ಟ್ 22. ಕೊನೆಯ ಸಾಲಿನಲ್ಲಿ “ಟ್ರೂ” ಬಂದರೆ ಪೋರ್ಟ್ ತೆರೆದಿದೆ. ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಎನ್‌ಸಿ -ವಿಝಡ್, ಹೆಸರು, 22. ಹಾಸ್ಟೆಲ್ ಅಥವಾ ಆಫೀಸಿನ ನೆಟ್‌ವರ್ಕ್‌ಗಳು ಹೊರಗೆ ಹೋಗುವ 22ನೇ ಪೋರ್ಟನ್ನೇ ಮುಚ್ಚಿರುವುದೂ ಉಂಟು. ಗೇಟ್‌ವೇಗೆ ನೇರವಾಗಿ ಹೋಗುವವರಿಗೆ ಇದು ತಟ್ಟುತ್ತದೆ. ಮೊಬೈಲ್ ಡೇಟಾದಿಂದ ಹೋಗಿ, ಅಲ್ಲಿಂದ ಆದರೆ ಅದೇ ಕಾರಣ.

ಅಪರೂಪಕ್ಕೆ ಬರುವ ಒಂದು ವಿಚಿತ್ರ ದೋಷ: “ಕನೆಕ್ಷನ್ ಎಸ್ಟಾಬ್ಲಿಷ್ಡ್” ಬರುತ್ತದೆ, ಆಮೇಲೆ “ಎಕ್ಸ್‌ಪೆಕ್ಟಿಂಗ್” ಅಂತ ಶುರುವಾಗಿ “ಕೆಇಎಕ್ಸ್” ಇರುವ ಸಾಲಿನ ಹತ್ತಿರ ಎಲ್ಲವೂ ಮರಗಟ್ಟಿ ನಿಲ್ಲುತ್ತದೆ. ವಿಪಿಎನ್ ತನ್ನ ಹೊದಿಕೆ ಸೇರಿಸಿದ ಮೇಲೆ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲೆಲ್ಲೋ ಹಿಡಿಸದೆ ಬಿದ್ದುಹೋಗುತ್ತಿರುತ್ತವೆ, ಚಿಕ್ಕವು ಮಾತ್ರ ದಾಟುತ್ತವೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಇದು ಕಾಣಬಹುದು. ವಿಪಿಎನ್ ಕ್ಲೈಂಟ್‌ನಲ್ಲಿ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಅನ್ನುವ ಸೆಟ್ಟಿಂಗ್ ಇದ್ದರೆ ಅದನ್ನು 1300ಕ್ಕೆ, ಆಗದಿದ್ದರೆ 1200ಕ್ಕೆ ಇಳಿಸಿ.

“ಕನೆಕ್ಷನ್ ರೆಫ್ಯೂಸ್ಡ್”

ಮೆಷಿನ್‌ವರೆಗೆ ತಲುಪಿದ್ದೀರಿ, ಪೋರ್ಟ್ ಮುಚ್ಚಿದೆ. ಎಸ್‌ಎಸ್‌ಎಚ್ ಸರ್ವೀಸ್ ನಿಂತಿರಬಹುದು, ಅಥವಾ ಲ್ಯಾಬ್‌ನಲ್ಲಿ 22ರ ಬದಲು ಬೇರೆ ಪೋರ್ಟ್ ಇಟ್ಟಿರಬಹುದು. ಬೇರೆ ಪೋರ್ಟ್ ಆದರೆ -ಪಿ ಹಾಕಿ ಅದರ ನಂಬರ್ ಕೊಡಬೇಕು. ಫೈಲ್ ಕಳಿಸುವ ಎಸ್‌ಸಿಪಿ ಕಮಾಂಡ್ ಬಳಸುವಾಗ ಮಾತ್ರ ಆ ಪಿ ದೊಡ್ಡಕ್ಷರದ್ದು.

ಆದರೆ ನಿನ್ನೆ ಹೋಗುತ್ತಿತ್ತು, ಈಗ ನಾಲ್ಕೈದು ಸಲ ಪಾಸ್‌ವರ್ಡ್ ತಪ್ಪಾದ ಮೇಲೆ ರೆಫ್ಯೂಸ್ಡ್ ಬರಲು ಶುರುವಾಯಿತು ಅಂದರೆ ಕಾರಣ ಬೇರೆ. ಸರ್ವರ್‌ನಲ್ಲಿ ಫೇಲ್‌ಟುಬ್ಯಾನ್ ಅನ್ನುವ ಕಾವಲು ಪ್ರೋಗ್ರಾಂ ಇದ್ದು, ನಿಮ್ಮ ಐಪಿಯನ್ನು ಹೊರಗೆ ಹಾಕಿದೆ. ಯಾರೂ ಏನೂ ಬದಲಿಸದಿದ್ದರೆ ಅದರ ಲೆಕ್ಕ ಹೀಗಿರುತ್ತದೆ: 10 ನಿಮಿಷದೊಳಗೆ 5 ತಪ್ಪಾದರೆ 10 ನಿಮಿಷ ಬಹಿಷ್ಕಾರ. ಎಷ್ಟೋ ಕಡೆ ಅಡ್ಮಿನ್ ಇದನ್ನು ಗಂಟೆಗಟ್ಟಲೆ ಮಾಡಿರುತ್ತಾರೆ. ಈ ಹೊತ್ತಿನಲ್ಲಿ ಪ್ರಯತ್ನ ನಿಲ್ಲಿಸಿ, ಕಾಯಿರಿ. ಇನ್ನೂ ಗಮನಿಸಬೇಕಾದದ್ದು, ಹಾಸ್ಟೆಲ್ ವೈಫೈನಲ್ಲಿ ಇರುವವರೆಲ್ಲ ಹೊರಗಿನ ಕಣ್ಣಿಗೆ ಒಂದೇ ಐಪಿ. ಗೇಟ್‌ವೇಗೆ ನೇರವಾಗಿ ಹೋಗುವ ಏರ್ಪಾಡಿದ್ದರೆ ಪಕ್ಕದ ರೂಮಿನವರ ತಪ್ಪು ಪಾಸ್‌ವರ್ಡ್ ಇಡೀ ಬ್ಲಾಕ್‌ಗೆ ಬಾಗಿಲು ಮುಚ್ಚಿಸಬಹುದು. ನೀವು ಏನೂ ಮಾಡದೆ ಹೀಗಾದರೆ ಗಾಬರಿ ಬೇಡ, ಫೋನಿನ ಡೇಟಾದಿಂದ ಹೋಗಿ ನೋಡಿ.

“ಪರ್ಮಿಷನ್ ಡಿನೈಡ್”

ಇಲ್ಲಿಗೆ ಬಂದರೆ ನೆಟ್‌ವರ್ಕ್ ಬಗ್ಗೆ ಯೋಚಿಸುವುದನ್ನು ಬಿಡಿ. ಉಳಿದಿರುವುದು ನೀವು ಮತ್ತು ಸರ್ವರ್ ನಡುವಿನ ವಿಷಯ.

ಮೊದಲು ಯೂಸರ್‌ನೇಮ್. ಯೂಸರ್‌ನೇಮ್, ಆ್ಯಟ್ ಚಿಹ್ನೆ ಕೊಡದೆ ಬರೀ ಮೆಷಿನ್ ಹೆಸರು ಕೊಟ್ಟರೆ ಎಸ್‌ಎಸ್‌ಎಚ್ ನಿಮ್ಮ ಲ್ಯಾಪ್‌ಟಾಪ್‌ನ ಯೂಸರ್ ಹೆಸರನ್ನೇ ಕಳಿಸುತ್ತದೆ. ಲ್ಯಾಪ್‌ಟಾಪ್ ಅಣ್ಣನದಾಗಿದ್ದರೆ ಅಣ್ಣನ ಹೆಸರು ಹೋಗುತ್ತದೆ. ಸರ್ವರ್‌ಗೆ ಆ ಹೆಸರಿನ ಅಕೌಂಟೇ ಗೊತ್ತಿಲ್ಲ. ಆದರೂ ಅದು “ಅಂಥವರು ಇಲ್ಲ” ಅನ್ನುವುದಿಲ್ಲ, ಪಾಸ್‌ವರ್ಡ್ ಕೇಳಿ, ತಪ್ಪು ಅನ್ನುತ್ತದೆ. ಯಾವ ಹೆಸರು ಇದೆ, ಯಾವುದು ಇಲ್ಲ ಅಂತ ಹೊರಗಿನವರಿಗೆ ತಿಳಿಯಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ.

ಯುಎಸ್‌ಎನ್ ಅನ್ನೇ ಯೂಸರ್‌ನೇಮ್ ಮಾಡಿರುವ ಕಡೆ ಇನ್ನೆರಡು ತೊಡಕು. ಹಾಲ್ ಟಿಕೆಟ್‌ನಲ್ಲಿ ಯುಎಸ್‌ಎನ್ ದೊಡ್ಡಕ್ಷರದಲ್ಲಿ ಇರುತ್ತದೆ. ಲಿನಕ್ಸ್‌ಗೆ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಅಕೌಂಟ್ ಸಾಮಾನ್ಯವಾಗಿ ಚಿಕ್ಕಕ್ಷರದಲ್ಲಿ ಇರುತ್ತದೆ. ಎರಡನೆಯದು, ವಿಟಿಯು ಯುಎಸ್‌ಎನ್ ಅಂಕೆಯಿಂದ ಶುರುವಾಗುತ್ತದೆ. ಉಬುಂಟುವಿನಲ್ಲಿ ಅಕೌಂಟ್ ಮಾಡುವ ಆ್ಯಡ್‌ಯೂಸರ್ ಕಮಾಂಡ್ ಅಂಕೆಯಿಂದ ಶುರುವಾಗುವ ಹೆಸರನ್ನು ತಾನಾಗಿ ಒಪ್ಪುವುದಿಲ್ಲ. ಅದಕ್ಕೇ ಕೆಲವು ಲ್ಯಾಬ್‌ಗಳಲ್ಲಿ ಮುಂದೆ ಒಂದು ಅಕ್ಷರ ಸೇರಿಸಿರುತ್ತಾರೆ. ಲ್ಯಾಬ್‌ನಲ್ಲಿ ಕೂತಾಗ ಟರ್ಮಿನಲ್‌ನಲ್ಲಿ ಹೂಆ್ಯಮ್‌ಐ ಅಂತ ಒಮ್ಮೆ ಕೊಟ್ಟು, ಬಂದ ಹೆಸರನ್ನು ಹಾಗೇ ಬರೆದಿಟ್ಟುಕೊಳ್ಳಿ.

ಆಮೇಲೆ ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆಯ ಮೇಲೆ ನಕ್ಷತ್ರವೂ ಬರುವುದಿಲ್ಲ, ಕರ್ಸರ್ ಕೂಡ ಅಲುಗಾಡುವುದಿಲ್ಲ. ಹೊಸಬರು ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ. ಕನ್ನಡದಲ್ಲಿ ಟೈಪ್ ಮಾಡುವ ನಮ್ಮಂಥವರಿಗೆ ಮಾತ್ರ ಬರುವ ಒಂದು ತೊಂದರೆ ಇಲ್ಲಿದೆ. ನುಡಿಯೋ ವಿಂಡೋಸ್‌ನ ಕನ್ನಡ ಕೀಬೋರ್ಡೋ ಆನ್ ಆಗಿ ಉಳಿದಿದ್ದರೆ ಪಾಸ್‌ವರ್ಡ್ ಕನ್ನಡ ಅಕ್ಷರಗಳಲ್ಲಿ ಹೋಗುತ್ತದೆ. ಏನೂ ಕಾಣದ ಕಾರಣ ಗೊತ್ತೇ ಆಗುವುದಿಲ್ಲ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಇಂಗ್ಲಿಷ್‌ಗೆ ತನ್ನಿ, ನುಡಿ ಆದರೆ ಅದನ್ನು ಆಫ್ ಮಾಡಿ. ವಾಟ್ಸ್‌ಆ್ಯಪ್‌ನಿಂದ ಕಾಪಿ ಮಾಡಿದ ಪಾಸ್‌ವರ್ಡ್ ಜೊತೆ ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡು ಬರುವುದೂ ಇದೆ. ಪುಟ್ಟಿಯಲ್ಲಿ ಕಂಟ್ರೋಲ್ ವಿ ಒತ್ತಿದರೆ ಪೇಸ್ಟ್ ಆಗುವುದಿಲ್ಲ. ಮೌಸ್‌ನ ಬಲ ಬಟನ್ ಒತ್ತಬೇಕು.

ಇನ್ನು “ಪರ್ಮಿಷನ್ ಡಿನೈಡ್” ಸಾಲಿನ ಕೊನೆಯಲ್ಲಿ ಕಂಸದೊಳಗೆ ಇರುವ ಪದಗಳನ್ನು ನೋಡಿ. ಸರ್ವರ್ ಯಾವ ಯಾವ ವಿಧದ ಗುರುತನ್ನು ಒಪ್ಪುತ್ತದೆ ಅನ್ನುವ ಪಟ್ಟಿ ಅದು. ಅಲ್ಲಿ “ಪಬ್ಲಿಕ್‌ಕೀ” ಒಂದೇ ಇದ್ದರೆ ಆ ಸರ್ವರ್ ಪಾಸ್‌ವರ್ಡ್ ತೆಗೆದುಕೊಳ್ಳುವುದೇ ಇಲ್ಲ. ಪಾಸ್‌ವರ್ಡ್ ರೀಸೆಟ್ ಮಾಡಿಸಿ ಏನೂ ಆಗದು. ಕೀ ಅಂದರೆ ಜೋಡಿ ಫೈಲ್: ಪ್ರೈವೇಟ್ ಕೀ ನಿಮ್ಮಲ್ಲೇ ಇರುತ್ತದೆ, ಪಬ್ಲಿಕ್ ಕೀಯನ್ನು ಅಲ್ಲಿ ಸೇರಿಸಬೇಕು. “ಪಾಸ್‌ವರ್ಡ್” ಅಥವಾ “ಕೀಬೋರ್ಡ್-ಇಂಟರಾಕ್ಟಿವ್” ಕೂಡ ಇದ್ದರೆ ಪಾಸ್‌ವರ್ಡ್ ದಾರಿ ತೆರೆದಿದೆ.

ಕೀ ಹಾಕಿದ್ದೂ ಒಪ್ಪದಿದ್ದರೆ -ವಿ ಕೊಟ್ಟಾಗ “ಆಫರಿಂಗ್ ಪಬ್ಲಿಕ್ ಕೀ” ಅನ್ನುವ ಸಾಲು ಹುಡುಕಿ. ಅದರಲ್ಲಿ ನಿಮ್ಮ ಕೀ ಫೈಲಿನ ಹೆಸರೇ ಇಲ್ಲದಿದ್ದರೆ ಕೀ ಹೋಗಿಯೇ ಇಲ್ಲ. -ಐ ಹಾಕಿ ಫೈಲಿನ ಜಾಗ ತೋರಿಸಿ. ಕೀ ಹೋಗಿದೆ, “ಸರ್ವರ್ ಆ್ಯಕ್ಸೆಪ್ಟ್ಸ್ ಕೀ” ಬಂದಿಲ್ಲ ಅಂದರೆ ಸರ್ವರ್ ಕಡೆ ಫೈಲ್‌ಗಳ ಅನುಮತಿ ಸಡಿಲ ಇರಬಹುದು. ಅನುಮತಿಯ ಅಂಕಿ ಹೀಗಿರಬೇಕು: ಚುಕ್ಕಿ ಎಸ್‌ಎಸ್‌ಎಚ್ ಫೋಲ್ಡರ್ 700, ಅದರೊಳಗಿನ ಆಥರೈಸ್ಡ್ ಕೀಸ್ ಫೈಲ್ 600. ಹೋಮ್ ಫೋಲ್ಡರ್‌ನಲ್ಲಿ ಬೇರೆಯವರಿಗೆ ಬರೆಯುವ ಅವಕಾಶ ಇರಬಾರದು. ಗ್ರೂಪ್ ಪ್ರಾಜೆಕ್ಟ್‌ಗೆ ಅಂತ ಹೋಮ್‌ಗೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟವರ ಕೀ ಆವತ್ತಿನಿಂದಲೇ ಕೆಲಸ ಮಾಡುವುದು ನಿಲ್ಲಿಸುತ್ತದೆ. ಅದನ್ನು 755ಕ್ಕೆ ಇಳಿಸಿ, ಗುಂಪಿನ ಫೈಲ್‌ಗಳಿಗೆ ಬೇರೆ ಫೋಲ್ಡರ್ ಕೇಳಿ.

“ಟೂ ಮೆನಿ ಅಥೆಂಟಿಕೇಷನ್ ಫೇಲ್ಯೂರ್ಸ್” ಬಂದರೆ ಲ್ಯಾಪ್‌ಟಾಪ್‌ನಲ್ಲಿ ಕೀಗಳು ಜಾಸ್ತಿ ಇವೆ. ಗಿಟ್‌ಹಬ್‌ಗೆ ಒಂದು, ಕ್ಲೌಡ್‌ಗೆ ಒಂದು ಅಂತ ಮಾಡಿಕೊಂಡಿರುತ್ತೀರಿ, ಎಸ್‌ಎಸ್‌ಎಚ್ ಎಲ್ಲವನ್ನೂ ಒಂದೊಂದಾಗಿ ತೋರಿಸುತ್ತದೆ. ಸರ್ವರ್ ಸಾಮಾನ್ಯವಾಗಿ 6ಕ್ಕೆ ನಿಲ್ಲಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನ ಚುಕ್ಕಿ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿರುವ ಕಾನ್ಫಿಗ್ ಫೈಲಿನಲ್ಲಿ ಆ ಮೆಷಿನ್‌ಗೆ ಐಡೆಂಟಿಟೀಸ್‌ಓನ್ಲಿ ಯೆಸ್ ಅಂತ ಹಾಕಿ, ಯಾವ ಕೀ ಅಂತ ಹೇಳಿಬಿಡಿ.

ಹೋಸ್ಟ್ ಕೀ ಬದಲಾಗಿದೆ ಅನ್ನುವ ಎಚ್ಚರಿಕೆ

ಸುತ್ತ ಆ್ಯಟ್ ಚಿಹ್ನೆಗಳ ಚೌಕಟ್ಟು ಹಾಕಿ, ದೊಡ್ಡಕ್ಷರದಲ್ಲಿ ಹೆದರಿಸುವಂತೆ ಬರುವ ಸಂದೇಶ ಇದು. ಹೋಸ್ಟ್ ಕೀ ಅಂದರೆ ಮೆಷಿನ್‌ನ ಗುರುತು. ಈ ಮೆಷಿನ್ ತೋರಿಸಿದ ಕೀ ಕಳೆದ ಸಲದ್ದಲ್ಲ ಅಂತ ಹೇಳುತ್ತಿದೆ. ಲ್ಯಾಬ್‌ಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಎರಡು: ಸೆಮಿಸ್ಟರ್ ಶುರುವಿನಲ್ಲಿ ಮೆಷಿನ್‌ಗಳಿಗೆಲ್ಲ ಹೊಸದಾಗಿ ಉಬುಂಟು ಹಾಕಿದ್ದಾರೆ, ಅಥವಾ ಐಪಿ ವಿಳಾಸಗಳು ಅದಲು ಬದಲಾಗಿ ಆ ವಿಳಾಸದಲ್ಲಿ ಈಗ ಬೇರೆ ಮೆಷಿನ್ ಕೂತಿದೆ. ಎಸ್‌ಎಸ್‌ಎಚ್-ಕೀಜೆನ್, ದೊಡ್ಡಕ್ಷರದ -ಆರ್, ಆಮೇಲೆ ಮೆಷಿನ್ ಹೆಸರು ಕೊಟ್ಟರೆ ಹಳೆಯ ನೆನಪು ಅಳಿಸಿಹೋಗುತ್ತದೆ.

ಆದರೆ ಕಾರಣ ಗೊತ್ತಾಗದೆ ಅಳಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಡುವೆ ಯಾರೋ ಆ ಮೆಷಿನ್‌ನಂತೆ ನಟಿಸುತ್ತಿರಲೂಬಹುದು. ಎಸ್‌ಎಸ್‌ಎಚ್ ಹುಟ್ಟಿದ್ದೇ ಒಂದು ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕದ್ದದ್ದರಿಂದ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಯಾರೋ ಹೀಗೆ ಪಾಸ್‌ವರ್ಡ್‌ಗಳನ್ನು ಹಿಡಿದರು. ಅಲ್ಲಿನ ಸಂಶೋಧಕ ತತು ಯುಲೊನೆನ್ ಅದೇ ವರ್ಷ ಇದನ್ನು ಬರೆದು ಹೊರಗೆ ಬಿಟ್ಟರು. ಅದಕ್ಕೆ ಮುಂಚೆ ಬಳಸುತ್ತಿದ್ದ ಟೆಲ್ನೆಟ್ ಅನ್ನುವ ಪ್ರೋಗ್ರಾಂನಲ್ಲಿ ಪಾಸ್‌ವರ್ಡ್ ತೆರೆದ ಅಕ್ಷರದಲ್ಲೇ ತಂತಿಯ ಮೇಲೆ ಹೋಗುತ್ತಿತ್ತು. ಈ ಎಚ್ಚರಿಕೆ ಬಂದಾಗ ಕ್ಲಾಸ್ ಗುಂಪಿನಲ್ಲಿ “ನಿಮಗೂ ಬಂತಾ?” ಅಂತ ಕೇಳಿ. ಎಲ್ಲರಿಗೂ ಬಂದಿದ್ದರೆ ಮೆಷಿನ್ ಬದಲಾಗಿದೆ, ಲ್ಯಾಬ್‌ನವರನ್ನು ಒಂದು ಮಾತು ಕೇಳಿ ಮುಂದುವರಿಯಿರಿ. ನಿಮ್ಮೊಬ್ಬರಿಗೇ, ಅದೂ ಯಾವುದೋ ಕೆಫೆಯ ವೈಫೈನಲ್ಲಿ ಬಂದಿದ್ದರೆ ಪಾಸ್‌ವರ್ಡ್ ಕೊಡಬೇಡಿ.

ಸೆಂಟ್‌ಓಎಸ್ 6 ಅನ್ನುವ ಹಳೆಯ ಲಿನಕ್ಸ್ ಇನ್ನೂ ಓಡುತ್ತಿರುವ ಲ್ಯಾಬ್‌ಗಳಲ್ಲಿ “ನೋ ಮ್ಯಾಚಿಂಗ್ ಹೋಸ್ಟ್ ಕೀ ಟೈಪ್” ಅಂತ ಬರುತ್ತದೆ. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8 ಹಳೆಯ ಆರ್‌ಎಸ್‌ಎ ಸಹಿಯ ವಿಧಾನವನ್ನು ಕೈಬಿಟ್ಟಿದೆ. ಕಾನ್ಫಿಗ್ ಫೈಲಿನಲ್ಲಿ ಆ ಒಂದು ಮೆಷಿನ್‌ಗೆ ಮಾತ್ರ ಹೋಸ್ಟ್‌ಕೀಆಲ್ಗಾರಿದಮ್ಸ್ ಸಾಲಿನಲ್ಲಿ ಕೂಡಿಸುವ ಚಿಹ್ನೆ ಹಾಕಿ ಎಸ್‌ಎಸ್‌ಎಚ್-ಆರ್‌ಎಸ್‌ಎ ಸೇರಿಸಿ. ಎಲ್ಲ ಮೆಷಿನ್‌ಗೂ ಸೇರಿಸಬೇಡಿ.

ಒಳಗೆ ಹೋದ ಮೇಲೆ ಕೈಕೊಟ್ಟರೆ

ಲಾಗಿನ್ ಆಗಿ ತಕ್ಷಣ ಹೊರಗೆ ಬಂದರೆ, ಅಥವಾ ಡೆಸ್ಕ್‌ಟಾಪ್ ಬರದೆ ಮತ್ತೆ ಲಾಗಿನ್ ಪರದೆಯೇ ಬಂದರೆ, ಮೊದಲು ಕೋಟಾ ನೋಡಿ. ಕೋಟಾ -ಎಸ್ ಅನ್ನುವ ಕಮಾಂಡ್ ನಿಮಗೆ ಕೊಟ್ಟ ಜಾಗ ಎಷ್ಟು, ತುಂಬಿದ್ದು ಎಷ್ಟು ಅಂತ ತೋರಿಸುತ್ತದೆ. ಹೋಮ್ ತುಂಬಿದ್ದರೆ ಡೆಸ್ಕ್‌ಟಾಪ್ ಶುರುವಾಗಲು ಬೇಕಾದ ಚಿಕ್ಕ ಫೈಲ್ ಬರೆಯಲೂ ಜಾಗ ಇರುವುದಿಲ್ಲ. ಡೆಸ್ಕ್‌ಟಾಪ್ ಬರದಿದ್ದರೂ ಎಸ್‌ಎಸ್‌ಎಚ್‌ನಿಂದ ಒಳಗೆ ಹೋಗಿ ಖಾಲಿ ಮಾಡಬಹುದು. ಡಿಯು -ಎಸ್‌ಎಚ್ ಕೊಟ್ಟು ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳನ್ನೂ ಅಳೆಯಿರಿ. ಕ್ಯಾಶ್ ಫೋಲ್ಡರ್, ಪೈಥಾನ್‌ನ ಕೋಂಡಾ, ವಿಎಸ್ ಕೋಡ್ ತನ್ನಷ್ಟಕ್ಕೆ ಇಳಿಸಿಕೊಂಡ ಸರ್ವರ್ ಫೋಲ್ಡರ್, ಜಾಗ ತಿನ್ನುವುದು ಹೆಚ್ಚಾಗಿ ಈ ಮೂರೇ. ಕೋಟಾ ಸರಿ ಇದ್ದರೆ ಟರ್ಮಿನಲ್ ಶುರುವಾದಾಗ ತಾನಾಗಿ ಓಡುವ ಬ್ಯಾಷ್‌ಆರ್‌ಸಿ ಫೈಲಿಗೆ ಇತ್ತೀಚೆಗೆ ಏನು ಸೇರಿಸಿದಿರಿ ನೋಡಿ. ಅಲ್ಲಿ ಒಂದು ಎಕ್ಸಿಟ್ ಬಿದ್ದಿದ್ದರೆ ಸಾಕು, ಶೆಲ್ ಹುಟ್ಟಿದ ತಕ್ಷಣ ಮುಗಿಯುತ್ತದೆ.

ವಿಎಸ್ ಕೋಡ್‌ನಿಂದ ಮಾತ್ರ ಹೋಗುತ್ತಿಲ್ಲ, ಟರ್ಮಿನಲ್‌ನಿಂದ ಹೋಗುತ್ತಿದೆ ಅಂದರೆ ಲ್ಯಾಬ್‌ನ ಲಿನಕ್ಸ್ ಹಳೆಯದಿರಬಹುದು. ಈಗಿನ ವಿಎಸ್ ಕೋಡ್‌ಗೆ ಜಿಲಿಬ್‌ಸಿ ಅನ್ನುವ ಲಿನಕ್ಸ್‌ನ ಮೂಲ ಲೈಬ್ರರಿಯ 2.28ನೇ ಆವೃತ್ತಿಯಾದರೂ ಬೇಕು. ಸೆಂಟ್‌ಓಎಸ್ 7ರಲ್ಲಿ ಇರುವುದು 2.17.

ಕೆಲಸದ ನಡುವೆ ಕಡಿದುಹೋಗಿ “ಬ್ರೋಕನ್ ಪೈಪ್” ಬರುತ್ತಿದ್ದರೆ, ಸುಮ್ಮನೆ ಬಿಟ್ಟ ಕನೆಕ್ಷನ್ ಅನ್ನು ದಾರಿಯ ನಡುವಿನ ರೂಟರೋ ಮೊಬೈಲ್ ನೆಟ್‌ವರ್ಕೋ ಮರೆತುಬಿಡುತ್ತಿದೆ. ಕಾನ್ಫಿಗ್‌ನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 60 ಹಾಕಿದರೆ ನಿಮಿಷಕ್ಕೊಮ್ಮೆ ಒಂದು ಚಿಕ್ಕ ಸಂದೇಶ ಹೋಗುತ್ತಿರುತ್ತದೆ. ಮನೆಯಲ್ಲಿ ಕರೆಂಟ್ ಹೋದರೆ ಇದೂ ಕಾಪಾಡುವುದಿಲ್ಲ. ರಾತ್ರಿಯಿಡೀ ಓಡಬೇಕಾದ ಪ್ರೋಗ್ರಾಂ ಇದ್ದರೆ ಲಾಗಿನ್ ಆದ ತಕ್ಷಣ ಟಿಮಕ್ಸ್ ಕೊಟ್ಟು ಅದರೊಳಗೆ ಓಡಿಸಿ. ಕಂಟ್ರೋಲ್ ಬಿ ಒತ್ತಿ ಬಿಟ್ಟು ಡಿ ಒತ್ತಿದರೆ ನೀವು ಹೊರಗೆ, ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ. ಬೆಳಿಗ್ಗೆ ಅದೇ ಮೆಷಿನ್‌ಗೆ ಹೋಗಿ ಟಿಮಕ್ಸ್ ಅಟ್ಯಾಚ್ ಕೊಡಿ. ಮೆಷಿನ್ ನಂಬರ್ ಬರೆದಿಟ್ಟುಕೊಳ್ಳಿ. ಫೈಲ್‌ಗಳು ಎಲ್ಲ ಮೆಷಿನ್‌ನಲ್ಲೂ ಸಿಗುತ್ತವೆ, ಟಿಮಕ್ಸ್ ಸೆಷನ್ ಮಾತ್ರ ನೀವು ಬಿಟ್ಟುಬಂದ ಮೆಷಿನ್‌ನಲ್ಲೇ ಇರುತ್ತದೆ. ಇದನ್ನು ಗೇಟ್‌ವೇ ಮೇಲೆ ಮಾಡಬೇಡಿ. ಅದು ಎಲ್ಲರೂ ದಾಟುವ ಜಾಗ.

“ಕೆನಾಟ್ ಓಪನ್ ಡಿಸ್‌ಪ್ಲೇ” ಬಂದರೆ ಕಿಟಕಿ ತೆರೆಯುವ ಪ್ರೋಗ್ರಾಂ ಓಡಿಸಿದ್ದೀರಿ, ದೊಡ್ಡಕ್ಷರದ -ಎಕ್ಸ್ ಹಾಕಿಲ್ಲ. ವಿಂಡೋಸ್‌ನಲ್ಲಿ ವಿಸಿಎಕ್ಸ್‌ಎಸ್‌ಆರ್‌ವಿ, ಮ್ಯಾಕ್‌ನಲ್ಲಿ ಎಕ್ಸ್‌ಕ್ವಾರ್ಟ್ಜ್ ಅನ್ನುವ, ಆ ಕಿಟಕಿಯನ್ನು ತೋರಿಸುವ ಪ್ರೋಗ್ರಾಂ ಕೂಡ ಬೇಕು. ನನ್ನ ಸಲಹೆ, ಇದರ ಮೇಲೆ ಹೊತ್ತು ಕಳೆಯಬೇಡಿ, ಮೊಬೈಲ್ ಡೇಟಾದಲ್ಲಿ ತುಂಬ ನಿಧಾನ. ಜೂಪಿಟರ್ (ಬ್ರೌಸರ್‌ನಲ್ಲಿ ಪೈಥಾನ್ ಬರೆದು ಓಡಿಸುವ ನೋಟ್‌ಬುಕ್) ಬೇಕಿದ್ದರೆ ದೊಡ್ಡಕ್ಷರದ -ಎಲ್ ಹಾಕಿ 8888ನೇ ಪೋರ್ಟನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ತಂದುಕೊಂಡು, ನಿಮ್ಮ ಬ್ರೌಸರ್‌ನಲ್ಲೇ ತೆರೆಯಿರಿ.

ವಿಂಡೋಸ್ ಲ್ಯಾಬ್ ಆದರೆ ಮೇಲಿನ ನೆಟ್‌ವರ್ಕ್ ಪರೀಕ್ಷೆಗಳೆಲ್ಲ ಹಾಗೇ ಮಾಡಿ, ಪೋರ್ಟ್ ಮಾತ್ರ 22ರ ಬದಲು 3389. ಯೂಸರ್‌ನೇಮ್ ಮುಂದೆ ಡೊಮೈನ್ ಹೆಸರು, ಹಿಂದಕ್ಕೆ ಬಾಗಿದ ಓರೆಗೆರೆ ಬೇಕಾಗುತ್ತದೆ. ಅದಿಲ್ಲದೆ ಕೊಟ್ಟರೆ ನಿಮ್ಮದೇ ಲ್ಯಾಪ್‌ಟಾಪ್‌ನ ಹೆಸರು ಸೇರಿಕೊಂಡು ಹೋಗಬಹುದು. ಒಂದು ಮೆಷಿನ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ. ಯಾರಾದರೂ ಕೂತು ಕೆಲಸ ಮಾಡುತ್ತಿದ್ದಾರೆ ಅಂತ ಪರದೆ ಹೇಳಿದರೆ ಅವರನ್ನು ಹೊರಗೆ ಹಾಕಬೇಡಿ, ಅವರ ಸೇವ್ ಆಗದ ಕೆಲಸ ಹೋಗಬಹುದು.

ಕೊನೆಗೂ ಆಗದಿದ್ದರೆ ಲ್ಯಾಬ್‌ನವರಿಗೆ ಬರೆಯಿರಿ. ಮೆಷಿನ್ ಹೆಸರು, ನಿಮ್ಮ ಯೂಸರ್‌ನೇಮ್, ಎಷ್ಟು ಗಂಟೆಗೆ ಪ್ರಯತ್ನಿಸಿದಿರಿ, ವಿಪಿಎನ್ ಕೊಟ್ಟ ಐಪಿ, ಯಾವ ನೆಟ್‌ವರ್ಕ್, ಬೇರೆ ಮೆಷಿನ್‌ಗೆ ಹೋಗುತ್ತದೆಯಾ ಇಲ್ಲವಾ. -ವಿ ಕೊಟ್ಟು ಬಂದ ಸಾಲುಗಳನ್ನು ಫೋಟೋ ತೆಗೆಯದೆ ಅಕ್ಷರವಾಗಿ ಕಾಪಿ ಮಾಡಿ ಹಾಕಿ. ಸಮಯ ಹೇಳಿದರೆ ಅವರು ಸರ್ವರ್‌ನ ಲಾಗ್‌ನಲ್ಲಿ ನಿಮ್ಮ ಪ್ರಯತ್ನವನ್ನು ನೇರವಾಗಿ ಹುಡುಕಿ ನೋಡಬಹುದು. ಪಾಸ್‌ವರ್ಡ್ ಕಳಿಸಬೇಡಿ, ಪ್ರೈವೇಟ್ ಕೀ ಫೈಲ್ ಅಂತೂ ಯಾರಿಗೂ ಕಳಿಸಬೇಡಿ. ಕೀ ಕೇಳಿದರೆ ಕೊಡಬೇಕಾದದ್ದು ಹೆಸರಿನ ಕೊನೆಯಲ್ಲಿ ಚುಕ್ಕಿ ಪಬ್ ಅಂತ ಇರುವ ಫೈಲ್.